ತಲೆ ಎತ್ತಿ ಈಜುವವರು

"ಈಸಾಕ ಬರ್ತದೇನ್ರಿ?" ಎಂದು ರಂಗಂಪೇಟೆಯಲ್ಲಿ ನಡುವಯಸ್ಸಿನ ಯಾರನ್ನಾದರೂ ಕೇಳಿನೋಡಿ. "ಯಾಕ ಬರಲ್ರಿ? ಬಾವ್ಯಾಗ ಕಲ್ತೀನಿ" ಎಂಬ ಉತ್ತರ ಥಟ್ಟನೆ ಬರುತ್ತದೆ. ನೀವೂ ಹಾಗೆಯೇ ಕಲಿತವರಿರಬಹುದು. ಸೊಂಟಕ್ಕೆ ಬೆಂಡನ್ನೋ ಖಾಲಿ ಡಬ್ಬಿಯನ್ನೋ ಕಟ್ಟಿ, ಪಾವಟಿಗೆಯ ಮೇಲೆ ನಿಂತ ಕಾಕಾ ಹಿಂದಿನಿಂದ ನೂಕಿದ್ದು ನೆನಪಿದೆಯಲ್ಲವೇ? ಒಂದಿಷ್ಟು ನೀರು ಕುಡಿದಿರಿ, ಅತ್ತಿರಿ, ಕೆಲವು ದಿನಗಳಲ್ಲಿ ಬೆಂಡು ಬಿಚ್ಚಿದಿರಿ. ಅಂದಿನಿಂದ ನೀವು ಈಜು ಬಲ್ಲವರು.

ಪ್ರಿಯ ಓದುಗರೇ, ಆ "ಬಲ್ಲೆ" ಎಂಬ ಮಾತನ್ನೇ ಇಂದು ಸ್ವಲ್ಪ ಪರೀಕ್ಷಿಸೋಣ.

ಬಾವಿಯ ಈಜಿನಲ್ಲಿ ತಲೆ ಸದಾ ನೀರಿನ ಮೇಲೆ. ಕತ್ತು ಸೆಟೆದಿರುತ್ತದೆ, ಕೈಗಳು ನೀರನ್ನು ಬಡಿಯುತ್ತವೆ, ಉಸಿರು ಎದೆಯಲ್ಲೇ ಕಟ್ಟಿರುತ್ತದೆ. ಈ ದಂಡೆಯಿಂದ ಆ ದಂಡೆ ಮುಟ್ಟಲು ಇದು ಸಾಕು. ಆದರೆ ಸುರಪುರ, ಶಹಾಪುರ ತಾಲ್ಲೂಕುಗಳ ಮಕ್ಕಳ ಎದುರಿಗೆ ಈಗಿರುವುದು ಬಾವಿಯೊಂದೇ ಅಲ್ಲ. ನಾರಾಯಣಪುರ ಎಡದಂಡೆ ಕಾಲುವೆಯಿದೆ, ಹೊಲಗಳಲ್ಲಿ ಕೃಷಿ ಹೊಂಡಗಳಿವೆ, ತಿಂಥಣಿಯ ಕಡೆ ಹೋದರೆ ಕೃಷ್ಣೆಯೇ ಇದ್ದಾಳೆ. ಕಾಲುವೆಯ ಸಿಮೆಂಟಿನ ಇಳಿಜಾರು ಪಾಚಿಗಟ್ಟಿ ಜಾರುತ್ತದೆ. ಹಿಡಿಯಲು ಪಾವಟಿಗೆಯಿಲ್ಲ, ನೀರು ನಿಂತು ಕಾಯುವುದೂ ಇಲ್ಲ. ಅಲ್ಲಿ ಕೈ ಬಡಿದು ಸುಸ್ತಾದವನಿಗೆ ಬಾವಿಯ ವಿದ್ಯೆ ಎಷ್ಟು ಹೊತ್ತು ನೆರವಾದೀತು?

ಕ್ರಮವಾದ ಈಜು, ಅಂದರೆ ಫ್ರಂಟ್ ಕ್ರಾಲ್, ಕಲಿಯಲು ಹೋದವರಿಗೆ ಮೊದಲು ಹೇಳುವ ಮಾತೇ ವಿಚಿತ್ರ: ಮುಖವನ್ನು ನೀರಿನಲ್ಲಿಡಿ. ಮುಳುಗಿಬಿಡುತ್ತೇನೆಂಬ ಭಯದಿಂದ ನಾವು ತಲೆ ಎತ್ತುತ್ತೇವೆ. ತಲೆ ಎತ್ತಿದೊಡನೆ ತಕ್ಕಡಿಯ ಇನ್ನೊಂದು ತಟ್ಟೆಯಂತೆ ಸೊಂಟ, ಕಾಲುಗಳು ಕೆಳಗಿಳಿಯುತ್ತವೆ. ಮುಳುಗಿಸುವುದು ಆ ಭಯವೇ! ಎದೆಯೊಳಗಿನ ಗಾಳಿಯೇ ನಮ್ಮ ಬೆಂಡು. ತಳವನ್ನು ನೋಡುತ್ತಾ ಮೈ ನೀಳವಾಗಿ ಚಾಚಿದರೆ ನೀರು ತಾನಾಗಿಯೇ ಹೊರುತ್ತದೆ. ಕೈ ಮುಂದೆ ಚಾಚಿ, ಮೊಣಕೈ ಕುಸಿಯದಂತೆ ಮೇಲಿಟ್ಟು, ನೀರನ್ನು ಹಿಂದಕ್ಕೆ ತಳ್ಳಬೇಕು, ಬಡಿಯಬಾರದು. ಕಾಲಿನ ಆಟ ತೊಡೆಯ ಸಂದಿನಿಂದ. ಉಸಿರನ್ನು ನೀರಿನೊಳಗೇ ಗುಳ್ಳೆ ಗುಳ್ಳೆಯಾಗಿ ಬಿಡಬೇಕು. ಮೈ ಮಗ್ಗುಲಿಗೆ ಹೊರಳಿದಾಗ ಅದರ ಜೊತೆಗೇ ಮುಖವೂ ಹೊರಳಿ ಬಾಯಿ ಹೊರಗೆ ಬರುತ್ತದೆ, ಒಂದು ಕಣ್ಣು ನೀರಿನಲ್ಲೇ ಉಳಿಯುತ್ತದೆ. ಉಸಿರು ಸಾಲದೆಂದು ಒದ್ದಾಡುವವರಲ್ಲಿ ಹೆಚ್ಚಿನವರು ಹಳೆಯ ಉಸಿರನ್ನು ಬಿಟ್ಟಿರುವುದೇ ಇಲ್ಲ.

ಇದೆಲ್ಲ ಕೇಳಲು ಸುಲಭ. ಆದರೆ ಈಗಾಗಲೇ ಈಜು ಬಲ್ಲವನಿಗೆ ಇದು ಬಹಳ ಕಹಿ. ಮೊದಲ ವಾರಗಳಲ್ಲಿ ಅವನು ಮೊದಲಿಗಿಂತ ಕೆಟ್ಟದಾಗಿ ಈಜುತ್ತಾನೆ. ಪಕ್ಕದಲ್ಲಿ ಎಂಟು ವರ್ಷದ ಹುಡುಗಿ ಮೀನಿನಂತೆ ಸಾಗುತ್ತಿರುವಾಗ ನಲವತ್ತರ ಗೃಹಸ್ಥ ಕೆಮ್ಮುತ್ತಾ ನಿಲ್ಲಬೇಕು. ಏನೂ ಬಾರದವನಿಗಿಂತ ಅರೆಬರೆ ಬಲ್ಲವನಿಗೆ ವಿನಯ ಕಷ್ಟ.

ಈ ಜಂಬ ನಮ್ಮದೊಂದೇ ಅಲ್ಲ. 1844ರಲ್ಲಿ ಉತ್ತರ ಅಮೆರಿಕದ ಇಬ್ಬರು ಮೂಲನಿವಾಸಿಗಳು ಲಂಡನ್ನಿನ ಕೊಳವೊಂದರಲ್ಲಿ ಕೈಗಳನ್ನು ಗಾಳಿಯಂತ್ರದಂತೆ ಬೀಸಿ 130 ಅಡಿಗಳನ್ನು ಅರ್ಧ ನಿಮಿಷದೊಳಗೆ ಈಜಿ ತೋರಿಸಿದರು. ನೋಡಿದ ಇಂಗ್ಲಿಷರು ಇದು ಸಭ್ಯರ ಈಜಲ್ಲವೆಂದು ಮೂಗು ಮುರಿದು, ತಲೆ ಎತ್ತಿ ಈಜುವ ತಮ್ಮ ನಿಧಾನದ ಪದ್ಧತಿಗೇ ಅಂಟಿಕೊಂಡರು. ಸುಮಾರು 1900ರಲ್ಲಿ ಸಿಡ್ನಿಯಲ್ಲಿ ಸಾಲೊಮನ್ ದ್ವೀಪದ ಅಲಿಕ್ ವಿಕ್ಹ್ಯಾಮ್ ಎಂಬ ಹುಡುಗನ ಈಜು, ಕ್ಯಾವಿಲ್ ಮನೆತನದವರ ಈಜು ಜನರ ಕಣ್ಣಿಗೆ ಬಿದ್ದ ಮೇಲೆಯೇ ಈ ಕ್ರಮ ಹಬ್ಬಿತು. ಕಲಿಸಬಲ್ಲವರು ಎದುರಿಗೇ ಬಂದಿದ್ದರೂ ಅರ್ಧ ಶತಮಾನ ಕಳೆಯಿತು!

ಪ್ರಶ್ನೆ ಇಲ್ಲಿ ಮನೆಯೊಳಗೆ ಬರುತ್ತದೆ. "ಕಾಲುವೆ ಕಡೆ ಹೋಗಬೇಡ" ಎಂದು ಗದರಿಸಿದರೆ ತಂದೆತಾಯಿಯ ಕರ್ತವ್ಯ ಮುಗಿಯಿತೇ? ಯೆಹೂದ್ಯರ ತಾಲ್ಮುದ್ ಗ್ರಂಥವು ತಂದೆ ಮಗನಿಗೆ ಮಾಡಬೇಕಾದ ಕರ್ತವ್ಯಗಳನ್ನು ಎಣಿಸುವಾಗ, ಧರ್ಮಶಾಸ್ತ್ರ ಮತ್ತು ಕಸುಬಿನ ಜೊತೆಗೆ ಈಜನ್ನೂ ಕಲಿಸಬೇಕೆಂಬ ಕೆಲವು ಗುರುಗಳ ಅಭಿಪ್ರಾಯವನ್ನು ದಾಖಲಿಸಿದೆ. (ಮಗಳನ್ನೂ ಸೇರಿಸಬೇಕೆಂದು ನಾನು ಹೇಳುತ್ತೇನೆ. ಕಾಲುವೆಯಂಚಿನಲ್ಲಿ ಬಟ್ಟೆ ಒಗೆಯುವವರು ಯಾರು? ಬಾವಿಗೆ ನಾವು ಕರೆದೊಯ್ದದ್ದು ಯಾರನ್ನು?) ಬೆಂಗಳೂರಿನ ನಿಶಾ ಮಿಲೆಟ್ ಚಿಕ್ಕಂದಿನಲ್ಲಿ ಮುಳುಗಿಹೋಗುವುದರಲ್ಲಿದ್ದರು. ತಂದೆ ಅವರನ್ನು ನೀರಿನಿಂದ ದೂರವಿಡಲಿಲ್ಲ, ಈಜು ಕಲಿಸಿದರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ನಿಶಾ 200 ಮೀಟರ್ ಫ್ರೀಸ್ಟೈಲ್ ಈಜಿದರು. ನಮ್ಮ ಮಕ್ಕಳು ಅಷ್ಟು ದೂರ ಹೋಗಬೇಕಾಗಿಲ್ಲ, ದಂಡೆ ಮುಟ್ಟಿದರೆ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಲೋಕದಲ್ಲಿ ಸುಮಾರು 3 ಲಕ್ಷ ಜನ ನೀರುಪಾಲಾದರು.

ಸಂತ ಪೌಲರ ಹಡಗು ಮಾಲ್ಟಾದ ಬಳಿ ಒಡೆದಾಗ ಶತಾಧಿಪತಿ ಕೊಟ್ಟ ಅಪ್ಪಣೆ ನಿಮಗೆ ನೆನಪಿರಬಹುದು: ಈಜು ಬಲ್ಲವರು ಮೊದಲು ಧುಮುಕಲಿ, ಉಳಿದವರು ಹಲಗೆ ಹಿಡಿದು ಬರಲಿ. 276 ಮಂದಿಯೂ ದಡ ಸೇರಿದರು. ಬಾರದವರಿಗೆ ಹಲಗೆಯಿತ್ತು ಎಂಬುದನ್ನು ಗಮನಿಸಿ. ಯಾರಾದರೂ ಕಾಲುವೆಗೆ ಬಿದ್ದರೆ ನೀವೂ ಮೊದಲು ಹುಡುಕಬೇಕಾದದ್ದು ಹಗ್ಗ, ಸೀರೆ, ಉದ್ದನೆಯ ಕೋಲು. ಮುಳುಗುವವನು ಅಪ್ಪಿ ಹಿಡಿದರೆ ಬಾವಿಯ ಈಜು ಇಬ್ಬರಿಗೂ ಸಾಲದು.

ಹತ್ತಿರ ಈಜುಕೊಳ ಇಲ್ಲವಲ್ಲ ಎನ್ನುತ್ತೀರಾ? ಮೊದಲ ಪಾಠಕ್ಕೆ ಕೊಳ ಬೇಡ. ಇಂದು ಸಂಜೆ ಅಂಗಳದಲ್ಲಿ ಒಂದು ಬಕೀಟು ನೀರಿಡಿ. ಮಕ್ಕಳೆದುರು ನೀವೇ ಮೊದಲು ಮುಖ ಮುಳುಗಿಸಿ ನಿಧಾನವಾಗಿ ಉಸಿರು ಬಿಡಿ. ಅವರು ನಗಲಿ, ಗುಳ್ಳೆ ಎಣಿಸಲಿ. ಆಮೇಲೆ ಅವರ ಸರದಿ. ಮುಗಿದ ಕೂಡಲೇ ಬಕೀಟನ್ನು ಬೋರಲು ಹಾಕಿ. ತೆವಳುವ ಕೂಸು ಮುಳುಗಲು ಅಷ್ಟು ನೀರೇ ಸಾಕು.