ಬರ್ಲಿ... ಬರ್ಲಿ...

ಕನಕಪುರ, ಮಾಗಡಿ ಕಡೆಯ ಯಾವ ಊರಿಗೇ ಹೋಗಿ, ಕಾರು ಹಿಂದಕ್ಕೆ ತೆಗೆಯಬೇಕು ಅನ್ನುವಷ್ಟರಲ್ಲಿ ಸಂಬಳವಿಲ್ಲದ ಕ್ಲೀನರ್ ಒಬ್ಬ ಎಲ್ಲಿಂದಲೋ ಬಂದು ನಿಂತಿರುತ್ತಾನೆ. ಟೀ ಲೋಟ ಜಗಲಿಯ ಮೇಲಿಟ್ಟು, ಕಾರಿನ ಬೆನ್ನಿಗೆ ಎರಡು ಸಲ ತಟ್ಟಿ, ‘ಬರ್ಲಿ, ಬರ್ಲಿ, ಲೆಫ್ಟ್ ಒಡೀರಿ, ಬರ್ಲಿ... ಹೋಲ್ಡಾನ್!’ ಎನ್ನುತ್ತಾನೆ. ಕೆಲಸ ಮುಗಿದ ಮೇಲೆ ಥ್ಯಾಂಕ್ಸಿಗೂ ಕಾಯುವುದಿಲ್ಲ. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಈ ಹುದ್ದೆ ಎದುರು ಮನೆಯ ಏಳನೇ ಕ್ಲಾಸಿನ ಹುಡುಗನದು.

ಅವನು ಸ್ಕೂಲಿಗೆ ಹೋಗಿದ್ದ ಒಂದು ಬೆಳಗ್ಗೆ ನನ್ನ ಹಳೇ ಕಾರು ಪಕ್ಕದ ಮನೆಯವರು ಹರವಿದ್ದ ರಾಗಿಯ ಮೇಲೆ ಹತ್ತಿತು. ರಾಗಿಗೇನೂ ಆಗಲಿಲ್ಲ. ಸುಗ್ಗಿಯಲ್ಲಿ ರಾಗಿ ಹುಲ್ಲನ್ನು ರಸ್ತೆಗೇ ಹಾಸಿ ಲಾರಿ ಬಸ್ಸುಗಳಿಂದ ಒಕ್ಕಣೆ ಮಾಡಿಸಿಕೊಳ್ಳುವ ಜನ ನಾವು, ಅದಕ್ಕೆ ಯಾರೂ ಬೈಯಲಿಲ್ಲ. ಆದರೆ ಇಳಿದು ನೋಡಿದರೆ, ರಾಗಿಗೆ ಬಾಯಿ ಹಾಕುವ ಕೋಳಿ ಓಡಿಸಲೆಂದು ಕೂರಿಸಿದ್ದ ಮಗು ಚಕ್ರದಿಂದ ನಾಲ್ಕು ಗೇಣು ಆಚೆ ಕೋಲು ಹಿಡಿದು ಕೂತಿತ್ತು. ಅಳಲಿಲ್ಲ, ನಗಲಿಲ್ಲ, ನನ್ನನ್ನೇ ನೋಡುತ್ತಿತ್ತು.

ರಿವರ್ಸ್ ಕ್ಯಾಮೆರಾ ತರಿಸಿದ್ದು ಆ ವಾರ.

ಹಾಕುವ ಮೊದಲು ಒಂದು ಲೆಕ್ಕ ನೋಡಬೇಕೆನಿಸಿತು. ಮನೆಯಲ್ಲಿ ನಮ್ಮೂರಿನದೇ ಮರದ ಕುದುರೆಯೊಂದಿದೆ, ಒಂದೂವರೆ ಅಡಿ ಎತ್ತರ. ಅದನ್ನು ಖಾಲಿ ಮೈದಾನದಲ್ಲಿ ಕಾರಿನ ಹಿಂದೆ ನಿಲ್ಲಿಸಿ ಸೀಟಿನಲ್ಲಿ ಕೂತೆ. ಕನ್ನಡಿಯಲ್ಲಿ ಕುದುರೆಯಿಲ್ಲ. ಒಂದೊಂದೇ ಹೆಜ್ಜೆ ಹಿಂದೆ ಇಡುತ್ತಾ ಬಂದು ಕೂತು ನೋಡಿದರೆ, ಎಂಟನೇ ಹೆಜ್ಜೆಗೆ ಅದರ ಎರಡು ಕಿವಿ ಕಂಡವು. ಹಿಂಬದಿಯ ಗಾಜು ಶುರುವಾಗುವುದೇ ನನ್ನ ಎದೆಮಟ್ಟದಿಂದ. ಅದರ ಕೆಳಗಿನದೆಲ್ಲ, ಅಂದರೆ ಮಗು, ನಾಯಿ, ಕೋಳಿಮರಿ, ಕುಕ್ಕರಗಾಲಲ್ಲಿ ಕೂತು ಸೊಪ್ಪು ಬಿಡಿಸುವ ಅಜ್ಜಿ, ಇವರ್ಯಾರೂ ಡ್ರೈವರಿನ ಪಾಲಿಗೆ ಇಲ್ಲ.

ಅಂಗಡಿಯಲ್ಲಿ ಹಾಕಿಸಬಹುದಿತ್ತು. ಒಂದು ಭಾನುವಾರ ಇದೆಯಲ್ಲ ಎಂಬ ಸೊಕ್ಕಿನಿಂದ ನಾನೇ ಕೂತೆ. ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದ್ದು ಮೊದಲ ಕೆಲಸ. ನಂಬರ್ ಪ್ಲೇಟಿನ ಮೇಲೆ ಕ್ಯಾಮೆರಾ ಕೂರಿಸಲು ಹತ್ತು ನಿಮಿಷ. ರಿವರ್ಸ್ ಲೈಟಿನ ತಂತಿಗೆ ಕ್ಯಾಮೆರಾದ ಕೆಂಪು, ಬಾಡಿಯ ಬೋಲ್ಟಿಗೆ ಕಪ್ಪು. ಗೇರು ಹಿಂದಕ್ಕೆ ಬಿದ್ದು ಲೈಟು ಹತ್ತಿದಾಗ ಕ್ಯಾಮೆರಾಗೂ ಅದೇ 12 ವೋಲ್ಟ್ ಸಿಗುತ್ತದೆ, ಇಷ್ಟೇ ಉಪಾಯ. (ಹಳೇ ಕಾರಿನ ಮಾತು ಇದು. ಹೊಸ ಕಾರುಗಳಲ್ಲಿ ದೀಪ ಹತ್ತಲಿಕ್ಕೂ ಕಂಪ್ಯೂಟರಿನ ಅಪ್ಪಣೆ ಬೇಕು. ಅಲ್ಲಿ ತಂತಿ ಕೆರೆಯಲು ಹೋದರೆ ವಾರಂಟಿಯೂ ಕೈಬಿಡಬಹುದು.)

ಕಷ್ಟವಿದ್ದದ್ದು ಡಿಕ್ಕಿ ಬಾಗಿಲಿಗೂ ಕಾರಿನ ಮೈಗೂ ನಡುವೆ ಇರುವ ಗೇಣುದ್ದದ ರಬ್ಬರ್ ಕೊಳವೆಯಲ್ಲಿ. ಕಂಪನಿಯ ತಂತಿಗಳೇ ಅದರೊಳಗೆ ಇರುಕಿಕೊಂಡಿವೆ. ನನ್ನ ಕೇಬಲ್ಲೂ ಅದರಲ್ಲೇ ತೂರಬೇಕು. ಹೊರಗಿಂದ ಬಿಟ್ಟರೆ ಮಳೆ ನೀರು ಒಳಗೆ ಬರುತ್ತದೆ, ಬಾಗಿಲಿಗೆ ಸಿಕ್ಕಿ ಕೇಬಲ್ ಕತ್ತರಿಸಿಹೋಗುತ್ತದೆ. ಸ್ಕೂಟರಿನ ಹಳೇ ಕ್ಲಚ್ ವೈರು ತೂರಿಸಲು ನೋಡಿದೆ. ಅರ್ಧಕ್ಕೆ ಹೋಗಿ ಮಡಚಿಕೊಂಡಿತು. ಮುಕ್ಕಾಲು ಗಂಟೆ ಹೀಗೇ ಕಳೆಯಿತು. ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅವ್ವ ಎದ್ದು ಬಂದಳು. ‘ಯಾಕ್ಲಾ ಮಗ ಹಂಗ್ ಒದ್ದಾಡ್ತೀಯ? ಲಂಗುಕ್ ಲಾಡಿ ಪೋಣಿಸ್ದಂಗ್ ಪೋಣಿಸು’ ಅಂದು, ಹೊರಗಿನಿಂದ ರಬ್ಬರನ್ನು ಚಿವುಟಿ ಹಿಡಿದು, ಒಳಗಿನ ತಂತಿಯ ತುದಿಯನ್ನು ಬೆರಳಲ್ಲೇ ತಡವಿ, ನೆರಿಗೆ ಮಾಡಿ ದೂಡಿ, ನೆರಿಗೆ ಬಿಡಿಸಿ ಎಳೆದಳು. ನಾಲ್ಕು ಸಲಕ್ಕೆ ತುದಿ ಆಚೆ ಬಂತು. ಜಾರಲಿ ಎಂದು ಕೊಬ್ಬರಿ ಎಣ್ಣೆ ಹಚ್ಚಲು ಹೋದವನಿಗೆ ಸೋಪಿನ ನೀರು ಸಾಕು ಅಂದವಳೂ ಅವಳೇ. ರಬ್ಬರಿಗೆ ಎಣ್ಣೆ ಆಗದು ಎಂದು ಅವಳಿಗೆ ಹೇಳಿದ್ದು ಕುಕ್ಕರಿನ ಗ್ಯಾಸ್ಕೆಟ್ ಇರಬೇಕು.

ಅಲ್ಲಿಂದ ಬಾಗಿಲ ಬೀಡಿಂಗಿನ ಕೆಳಗೆ ಕೇಬಲ್ ಹುದುಗಿಸುತ್ತಾ ಸ್ಟೀರಿಯೋವರೆಗೆ. ಬ್ಯಾಟರಿ ಜೋಡಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಆನ್ ಮಾಡದೆ ಬರೀ ಕೀಲಿ ತಿರುಗಿಸಿ ರಿವರ್ಸ್ ಹಾಕಿದೆ. ಪರದೆ ಕತ್ತಲು. ವಿಡಿಯೋ ಕೇಬಲ್ಲಿನ ಪಕ್ಕದಲ್ಲೇ ಕೂದಲಿನಂಥ ಇನ್ನೊಂದು ಕೆಂಪು ತಂತಿ ಇತ್ತು. ‘ಗೇರು ಹಿಂದಕ್ಕೆ ಬಿತ್ತು, ಹಾಡು ನಿಲ್ಲಿಸಿ ಚಿತ್ರ ತೋರಿಸು’ ಎಂದು ಸ್ಟೀರಿಯೋಗೆ ಹೇಳುವುದು ಅದೇ. ಅದನ್ನು ಜೋಡಿಸುವುದನ್ನೇ ಮರೆತಿದ್ದೆ. ಜೋಡಿಸಿದ ಮೇಲೆ ಬೀದಿ ಬಂತು, ಆದರೆ ತಿರುಗುಮುರುಗಾಗಿ: ಬಲಕ್ಕಿದ್ದ ಲೈಟ್ ಕಂಬ ಎಡಕ್ಕಿದೆ! ಹಿಂದಕ್ಕೆ ಮುಖ ಮಾಡಿದ ಕ್ಯಾಮೆರಾದ ಬಲಗೈ ನಮಗೆ ಎಡಗೈ ತಾನೆ? ಕನ್ನಡಿಗೆ ಒಗ್ಗಿದ ಕಣ್ಣಿಗೆ ಹೊಂದಬೇಕಾದರೆ ಚಿತ್ರವನ್ನು ಮಗುಚಬೇಕು. ನನ್ನ ಕ್ಯಾಮೆರಾದಲ್ಲಿ ಅದಕ್ಕೊಂದು ಹಸಿರು ತಂತಿಯ ಕುಣಿಕೆ ಬಿಟ್ಟಿದ್ದರು. ಕತ್ತರಿಸಿದೆ, ಕಂಬ ತನ್ನ ಜಾಗಕ್ಕೆ ಬಂತು. ಬೀದಿ ದೀಪ ಹತ್ತುವ ಹೊತ್ತಾಗಿತ್ತು.

ಕಾರಿನ ಬೆನ್ನಿಗೊಂದು ಕಣ್ಣಿಡುವ ಆಸೆ ಹಳೆಯದು. ನಮ್ಮ ರಾಜ್ಯ ಏಕೀಕರಣವಾದ 1956ರಲ್ಲೇ ಅಮೆರಿಕದ ಬ್ಯೂಕ್ ಕಂಪನಿ ಪ್ರದರ್ಶನದ ಕಾರೊಂದಕ್ಕೆ ಹಿಂಗನ್ನಡಿಯ ಬದಲು ಟಿವಿ ಕ್ಯಾಮೆರಾ ಇಟ್ಟಿತ್ತು. ಇಲ್ಲೇ ಬಿಡದಿಯಲ್ಲಿ ಕಾರ್ಖಾನೆ ಇರುವ ಟೊಯೋಟಾ, 1991ರಲ್ಲಿ ಜಪಾನಿನಲ್ಲಿ ಮಾರಿದ ಸೋರರ್ ಕಾರಿಗೆ ಅದನ್ನು ಕೊಟ್ಟಿತು. ಆದರೂ ಬಹುಕಾಲ ಅದು ದೊಡ್ಡವರ ಷೋಕಿ ಎಂದೇ ಉಳಿಯಿತು. 2002ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲ್ಯಾಂಡಿನಲ್ಲಿ ಗ್ರೆಗ್ ಗುಲ್ಬ್ರಾನ್‌ಸೆನ್ ಎಂಬುವರು ಮನೆಮುಂದೆ ಕಾರು ಹಿಂದಕ್ಕೆ ತೆಗೆಯುತ್ತಿದ್ದರು. ಕನ್ನಡಿ ನೋಡಿಕೊಂಡೇ ತೆಗೆದರು. ಚಕ್ರಕ್ಕೆ ಸಿಕ್ಕಿದ್ದು ಅವರದೇ ಎರಡು ವರ್ಷದ ಮಗ ಕ್ಯಾಮರನ್. ತಂದೆ ಮಕ್ಕಳ ಡಾಕ್ಟರು. ಆ ಮಗುವಿನ ಹೆಸರಿನ ಕಾನೂನಿಗೆ 2008ರಲ್ಲಿ ಅಧ್ಯಕ್ಷರ ಸಹಿ ಬಿತ್ತು. ಅಲ್ಲಿನ ಪ್ರತಿ ಹೊಸ ಕಾರಿಗೂ ಕ್ಯಾಮೆರಾ ಕಡ್ಡಾಯವಾಗಲು 2018ರ ಮೇ ಬರಬೇಕಾಯಿತು. ಹತ್ತು ವರ್ಷ! ನಮ್ಮಲ್ಲಿ 2019ರ ಜುಲೈನಿಂದ ಹೊಸ ಕಾರುಗಳಿಗೆ ಕಡ್ಡಾಯವಾದದ್ದು ಕುಂಯ್‌ಗುಟ್ಟುವ ಸೆನ್ಸರ್ ಮಾತ್ರ. ಏನೋ ಇದೆ ಎಂದು ಅದು ಹೇಳುತ್ತದೆ. ಕಲ್ಲೋ ಕೂಸೋ ಹೇಳುವುದಿಲ್ಲ.

ಕ್ಯಾಮೆರಾಗೂ ದೂರು ಇಲ್ಲದಿಲ್ಲ. ಮಾಗಡಿ ಕಡೆಯ ಮಣ್ಣುರಸ್ತೆಯಲ್ಲಿ ಒಂದು ಸುತ್ತು ಬಂದರೆ ಅದರ ಕಣ್ಣಿಗೆ ಕೆಂಧೂಳಿನ ಪೊರೆ. ಅವ್ವ ತನ್ನ ಕೆಲಸವೆಂಬಂತೆ ಸೆರಗಿನ ತುದಿಯಿಂದ ಒರೆಸುತ್ತಾಳೆ, ಬುಡ್ಡಿ ದೀಪದ ಗಾಜು ಒರೆಸಿ ರೂಢಿಯಾದ ಕೈ.

ಸೋಮವಾರ ಬೆಳಗ್ಗೆ ರೇಷ್ಮೆ ಗೂಡಿನ ಮಾರುಕಟ್ಟೆಗೆಂದು ರಾಮನಗರಕ್ಕೆ ಹೊರಟೆ. ರಿವರ್ಸ್ ಹಾಕಿದರೆ ಪರದೆಯ ತುಂಬ ಎದುರು ಮನೆ ಹುಡುಗ. ಹೆಗಲಲ್ಲಿ ಸ್ಕೂಲ್ ಬ್ಯಾಗು, ಎರಡೂ ಕೈ ಮೇಲೆ. ಇಷ್ಟು ವರ್ಷ ಅವನ ದನಿಯಷ್ಟೇ ಕೇಳಿದ್ದೆ, ನಿಲ್ಲುತ್ತಿದ್ದ ಜಾಗ ನೋಡಿರಲಿಲ್ಲ. ಕಾರಿಗೂ ಕಾಂಪೌಂಡ್ ಗೋಡೆಗೂ ಮಧ್ಯೆ, ಪರದೆಯಲ್ಲಿ ‘ಇನ್ನು ನಿಲ್ಲಿಸು’ ಎನ್ನುವ ಕೆಂಪು ಗೆರೆಯ ಒಳಗೇ ನಿಂತು, ‘ಬರ್ಲಿ ಅಂಕಲ್, ಬರ್ಲಿ, ಜಾಗ ಐತೆ, ಬರ್ಲಿ’ ಅನ್ನುತ್ತಿದ್ದ.

ಗೇರು ನ್ಯೂಟ್ರಲ್ ಮಾಡಿ ಇಳಿದೆ.