ಉದ್ದೇಶವಿಲ್ಲದ ಹಾನಿಗೂ ಹೊಣೆಯಿದೆ



ಒಂದು ದೃಶ್ಯವನ್ನು ಮನಸ್ಸಿಗೆ ತಂದುಕೊಳ್ಳಿ. ಮಗ್ರಿಬ್‌ನ ಹೊತ್ತು. ಹದಿನಾರರ ಹುಡುಗನೊಬ್ಬ ತಂದೆಯ ಸ್ಕೂಟರ್ ಹತ್ತಿ ಪೇಟೆಗೆ ಹೊರಟಿದ್ದಾನೆ. ತಿರುವಿನಲ್ಲಿ, ಮೀನಿನ ಬುಟ್ಟಿ ಹೊತ್ತು ಮನೆಗೆ ಮರಳುತ್ತಿದ್ದ ಹೆಂಗಸಿಗೆ ಡಿಕ್ಕಿ ಹೊಡೆಯುತ್ತಾನೆ. ಆಕೆಯ ಕಾಲಿನ ಮೂಳೆ ಮುರಿಯುತ್ತದೆ. ಹುಡುಗ ಕೆಟ್ಟವನಲ್ಲ. ಬೇಕೆಂದು ಮಾಡಿದ್ದೂ ಅಲ್ಲ.

ಮರುದಿನ ಮನೆಯಲ್ಲಿ ಹಿರಿಯರು ಸೇರುತ್ತಾರೆ. "ಎಲ್ಲವೂ ಅಲ್ಲಾಹನ ವಿಧಿ, ನಮ್ಮಿಂದ ಏನಾಗುತ್ತದೆ?" ಎನ್ನುತ್ತಾರೆ ಒಬ್ಬರು. "ಲೈಸೆನ್ಸ್ ಇರುವ ಚಿಕ್ಕಪ್ಪನೇ ಓಡಿಸುತ್ತಿದ್ದನೆಂದು ಪೊಲೀಸರಿಗೆ ಹೇಳಿಬಿಡೋಣ" ಎನ್ನುತ್ತಾರೆ ಇನ್ನೊಬ್ಬರು. "ಐದು ಸಾವಿರ ಕೊಟ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರೆ ಮುಗಿಯಿತು" ಎನ್ನುತ್ತಾರೆ ಮೂರನೆಯವರು. ನಾಳೆಯಿಂದ ಆ ಹೆಂಗಸಿನ ಒಲೆ ಹೇಗೆ ಉರಿಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಅಷ್ಟರಲ್ಲಿ ಅದಾನ್ ಕೇಳುತ್ತದೆ. ಎಲ್ಲರೂ ಎದ್ದು ನಮಾಝಿಗೆ ಹೋಗುತ್ತಾರೆ.

ಇಂತಹ ಮಾತುಕತೆ ನಮ್ಮ ಮನೆಗಳಲ್ಲಿ ನಡೆಯುವುದೇ ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೇ? ಹಾನಿ ಮಾಡಿದವನ ಹೊಣೆಯೇನು, ಹಾನಿಗೊಳಗಾದವನ ಹಕ್ಕೇನು ಎಂಬುದನ್ನು ಧರ್ಮದ ದೃಷ್ಟಿಯಿಂದಲೂ ದೇಶದ ಕಾನೂನಿನ ದೃಷ್ಟಿಯಿಂದಲೂ ಅರಿಯುವುದು ಪ್ರತಿಯೊಂದು ಕುಟುಂಬಕ್ಕೂ ಅಗತ್ಯವಾಗಿದೆ.

ಶಿಕ್ಷೆ ಬೇರೆ, ಪರಿಹಾರ ಬೇರೆ

ಮೊದಲು ಒಂದು ವ್ಯತ್ಯಾಸವನ್ನು ತಿಳಿದುಕೊಳ್ಳೋಣ. ಅಪರಾಧಿಯನ್ನು ಸರಕಾರ ಶಿಕ್ಷಿಸುತ್ತದೆ. ಆದರೆ ಅವನು ಜೈಲಿಗೆ ಹೋದ ಮಾತ್ರಕ್ಕೆ ಗಾಯಗೊಂಡವರ ಆಸ್ಪತ್ರೆಯ ಬಿಲ್ಲು ಪಾವತಿಯಾಗುವುದಿಲ್ಲ. ಆದ್ದರಿಂದ ಕಾನೂನಿನಲ್ಲಿ ಇನ್ನೊಂದು ವಿಭಾಗವಿದೆ. ಒಬ್ಬನ ತಪ್ಪಿನಿಂದ ಇನ್ನೊಬ್ಬನಿಗೆ ನಷ್ಟವಾದರೆ ಆ ನಷ್ಟವನ್ನು ತುಂಬಿಕೊಡಿಸುವುದೇ ಅದರ ಗುರಿ. ವಕೀಲರು ಇದನ್ನು ಟಾರ್ಟ್ ಎನ್ನುತ್ತಾರೆ. ಇಲ್ಲಿ ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳಲಾಗುತ್ತದೆ. ಎಚ್ಚರದಿಂದಿರುವ ಕರ್ತವ್ಯ ನಿನಗಿತ್ತೇ? ನೀನು ಅದರಲ್ಲಿ ತಪ್ಪಿದೆಯಾ? ಆ ತಪ್ಪಿನಿಂದಲೇ ಇನ್ನೊಬ್ಬನಿಗೆ ಹಾನಿಯಾಯಿತೇ? ಕೇಡು ಬಗೆಯುವ ಉದ್ದೇಶವಿತ್ತೇ ಎಂಬುದು ಅಜಾಗರೂಕತೆಯ ಪ್ರಕರಣದಲ್ಲಿ ಮುಖ್ಯವಲ್ಲ.

ಈ ಕರ್ತವ್ಯ ಯಾರ ಕುರಿತು? 1928ರಲ್ಲಿ ಸ್ಕಾಟ್ಲೆಂಡಿನ ಪೈಸ್ಲಿ ಪಟ್ಟಣದ ಹೋಟೆಲೊಂದರಲ್ಲಿ ಮಹಿಳೆಯೊಬ್ಬರಿಗೆ ಆಕೆಯ ಗೆಳತಿ ಶುಂಠಿಯ ಪಾನೀಯ ಕೊಡಿಸಿದರು. ಬಾಟಲಿಯಲ್ಲಿ ಕೊಳೆತ ಬಸವನಹುಳು ಇತ್ತು, ಅದರಿಂದ ತಾನು ಕಾಯಿಲೆ ಬಿದ್ದೆ ಎಂದು ಆ ಮಹಿಳೆ ಪಾನೀಯ ತಯಾರಕನ ಮೇಲೆ ದಾವೆ ಹೂಡಿದರು. ಹಣ ಕೊಟ್ಟವರು ಗೆಳತಿ, ಮಾರಿದವನು ಹೋಟೆಲಿನವನು. ಹಾಗಿರುವಾಗ ತಯಾರಕನಿಗೆ ಈಕೆಯ ಹಂಗೇನು ಎಂಬುದು ವಾದ. 1932ರಲ್ಲಿ ಬ್ರಿಟನ್ನಿನ ಅತ್ಯುನ್ನತ ನ್ಯಾಯಪೀಠ ಈ ವಾದವನ್ನು ಒಪ್ಪಲಿಲ್ಲ. ನನ್ನ ಕೆಲಸದಿಂದ ಯಾರಿಗೆ ತೊಂದರೆಯಾದೀತೆಂದು ನಾನು ಮೊದಲೇ ಯೋಚಿಸಬೇಕಿತ್ತೋ ಅವರೆಲ್ಲರೂ ಕಾನೂನಿನ ಕಣ್ಣಿಗೆ ನನ್ನ ನೆರೆಯವರೇ ಎಂದು ನ್ಯಾಯಮೂರ್ತಿ ಲಾರ್ಡ್ ಆಟ್ಕಿನ್ ವಿವರಿಸಿದರು. ಭಾರತದ ನ್ಯಾಯಾಲಯಗಳೂ ಈ ತತ್ವವನ್ನು ಅನುಸರಿಸುತ್ತವೆ.

ನೆರೆಯವರ ಹಕ್ಕಿನ ಬಗ್ಗೆ ಬಾಲ್ಯದಿಂದಲೇ ಕೇಳುತ್ತಾ ಬಂದ ನಮಗೆ ಇದು ಹೊಸ ವಿಷಯವೇ? ನಮ್ಮ ಮನೆಯ ಗೋಡೆಯಾಚೆಗಿರುವವರು ಮಾತ್ರ ನೆರೆಯವರಲ್ಲ. ವಾಹನ ಓಡಿಸುವವನಿಗೆ ರಸ್ತೆ ದಾಟುವ ಅಪರಿಚಿತನೂ ನೆರೆಯವನೇ.

ಒಡೆದ ತಟ್ಟೆಯ ಪಾಠ

ಪ್ರವಾದಿವರ್ಯರ(ಸ) ಮನೆಯಲ್ಲಿ ನಡೆದ ಒಂದು ಘಟನೆಯನ್ನು ಇಮಾಮ್ ಬುಖಾರಿ ವರದಿ ಮಾಡಿದ್ದಾರೆ. ಪ್ರವಾದಿ(ಸ) ಒಬ್ಬ ಪತ್ನಿಯ ಮನೆಯಲ್ಲಿದ್ದಾಗ ಇನ್ನೊಬ್ಬ ಪತ್ನಿ ತಟ್ಟೆಯಲ್ಲಿ ಆಹಾರ ಕಳುಹಿಸಿದರು. ಮನೆಯಾಕೆಗೆ ಅದು ಹಿಡಿಸಲಿಲ್ಲ. ಅವರು ಕೈಯಿಂದ ಹೊಡೆದುದರಿಂದ ತಟ್ಟೆ ಬಿದ್ದು ಒಡೆಯಿತು. ಪ್ರವಾದಿ(ಸ) ಗದರಲಿಲ್ಲ. ತಾವೇ ಬಾಗಿ ಚೂರುಗಳನ್ನೂ ಚೆಲ್ಲಿದ ಆಹಾರವನ್ನೂ ಒಟ್ಟುಗೂಡಿಸಿದರು. ಆದರೆ ವಿಷಯವನ್ನು ಅಲ್ಲಿಗೇ ಬಿಡಲೂ ಇಲ್ಲ. ಆ ಮನೆಯಿಂದಲೇ ಒಂದು ಒಳ್ಳೆಯ ತಟ್ಟೆಯನ್ನು ತರಿಸಿ, ತಟ್ಟೆ ಕಳೆದುಕೊಂಡವರಿಗೆ ಕಳುಹಿಸಿಕೊಟ್ಟರು. ಒಡೆದ ತಟ್ಟೆ ಒಡೆದವರ ಮನೆಯಲ್ಲೇ ಉಳಿಯಿತು.

ಎಂತಹ ಮಾದರಿ ನೋಡಿ! ಯಾರ ಮಾನಕ್ಕೂ ಕುಂದು ಬರಲಿಲ್ಲ, ಯಾರ ಹಕ್ಕೂ ನಷ್ಟವಾಗಲಿಲ್ಲ. ಒಂದು ತಟ್ಟೆಯ ವಿಷಯದಲ್ಲಿ ಇಷ್ಟು ಕಾಳಜಿಯಿದ್ದರೆ ಒಬ್ಬ ಮನುಷ್ಯನ ಕಾಲಿನ ವಿಷಯದಲ್ಲಿ ಎಷ್ಟಿರಬೇಡ?

ಪವಿತ್ರ ಕುರ್‌ಆನಿನ ಅಲ್ ಅಂಬಿಯಾ ಅಧ್ಯಾಯದಲ್ಲಿ ಪ್ರವಾದಿ ದಾವೂದ್(ಅ) ಮತ್ತು ಸುಲೈಮಾನ್(ಅ)ರ ಮುಂದೆ ಬಂದ ವ್ಯಾಜ್ಯದ ಪ್ರಸ್ತಾಪವಿದೆ. ರಾತ್ರಿ ಹೊತ್ತಿನಲ್ಲಿ ಆಡುಕುರಿಗಳು ಇನ್ನೊಬ್ಬರ ಹೊಲಕ್ಕೆ ನುಗ್ಗಿ ಬೆಳೆ ಹಾಳುಮಾಡಿದ್ದವು. ವ್ಯಾಖ್ಯಾನಕಾರರು ವಿವರಿಸಿರುವಂತೆ ಸುಲೈಮಾನರ(ಅ) ತೀರ್ಪು ಹೀಗಿತ್ತು: ಕುರಿಗಳ ಒಡೆಯನು ಹೊಲವನ್ನು ಮೊದಲಿನ ಸ್ಥಿತಿಗೆ ತರಲಿ. ಅಲ್ಲಿಯವರೆಗೆ ಕುರಿಗಳ ಹಾಲು, ಉಣ್ಣೆಗಳ ಲಾಭ ಹೊಲದವನಿಗೆ ಸೇರಲಿ. ಇಂದಿನ ಕಾನೂನು ಹೇಳುವುದೂ ಇದನ್ನೇ. ಹಣದಿಂದ ಸಾಧ್ಯವಿರುವಷ್ಟರ ಮಟ್ಟಿಗೆ, ಹಾನಿಗೊಳಗಾದವನನ್ನು ಅವನು ಮೊದಲಿದ್ದ ಸ್ಥಿತಿಗೆ ಮರಳಿಸುವುದೇ ಪರಿಹಾರ.

ಎರಡು ಸಾಲಗಳು

"ಬೇಕೆಂದು ಮಾಡಿದ್ದಲ್ಲವಲ್ಲ" ಎನ್ನುವವರು ಅನ್ನಿಸಾ ಅಧ್ಯಾಯದ 92ನೇ ಸೂಕ್ತವನ್ನು ಗಮನವಿಟ್ಟು ಓದಬೇಕು. ಕೈತಪ್ಪಿನಿಂದ ಒಬ್ಬನ ಪ್ರಾಣ ಹೋದರೆ ಎರಡು ಹೊಣೆಗಳನ್ನು ಅದು ವಿಧಿಸುತ್ತದೆ. ಒಂದು, ಅಲ್ಲಾಹನ ಮುಂದೆ ಪ್ರಾಯಶ್ಚಿತ್ತ. ಎರಡು, ಮೃತನ ಕುಟುಂಬಕ್ಕೆ ರಕ್ತಪರಿಹಾರ ಧನ. ಎರಡನೆಯದನ್ನು ಬಿಟ್ಟುಕೊಡುವ ಅಧಿಕಾರ ಆ ಕುಟುಂಬದ್ದೇ ಹೊರತು ಕೊಡಬೇಕಾದವನದ್ದಲ್ಲ. ಉದ್ದೇಶವಿಲ್ಲದಿದ್ದರೆ ಪಾಪದ ಭಾರ ಇಳಿದೀತು, ಸಾಲದ ಭಾರ ಇಳಿಯದು. ಅಪ್ರಾಪ್ತ ಬಾಲಕ ಇನ್ನೊಬ್ಬರ ಸೊತ್ತು ಹಾಳುಮಾಡಿದರೆ ಅವನು ಪಾಪಿಯಲ್ಲ, ಆದರೂ ನಷ್ಟ ತುಂಬಿಕೊಡಲೇಬೇಕು ಎಂದು ಕರ್ಮಶಾಸ್ತ್ರ ವಿದ್ವಾಂಸರು ವಿಧಿಸಿದ್ದು ಇದೇ ಕಾರಣಕ್ಕೆ.

ಇನ್ನೊಂದು ವಿಷಯವನ್ನೂ ಗಮನಿಸಿ. ಉದ್ದೇಶವಿಲ್ಲದ ಕೊಲೆಯ ರಕ್ತಪರಿಹಾರವನ್ನು ಒಬ್ಬನೇ ಹೊರಬೇಕಾಗಿರಲಿಲ್ಲ. ಅವನ ತಂದೆಯ ಕಡೆಯ ಬಂಧುಗಳೆಲ್ಲ ಸೇರಿ ಮೂರು ವರ್ಷಗಳ ಅವಧಿಯಲ್ಲಿ ಪಾವತಿಸಬೇಕಿತ್ತು. ಕೊಡುವವನು ಬಡವನೆಂಬ ಕಾರಣಕ್ಕೆ ಅನಾಥ ಮಕ್ಕಳು ಬರಿಗೈಯಲ್ಲಿ ಉಳಿಯಬಾರದು ಎಂಬುದೇ ಇದರ ಹಿಂದಿನ ತತ್ವ. ವಿಮೆಯ ಕುರಿತು ವಿದ್ವಾಂಸರಲ್ಲಿ ಚರ್ಚೆಗಳಿವೆ. ಆದರೆ 1988ರ ಮೋಟಾರು ವಾಹನ ಕಾಯಿದೆ ಪ್ರತಿಯೊಂದು ವಾಹನಕ್ಕೂ ಥರ್ಡ್ ಪಾರ್ಟಿ ವಿಮೆಯನ್ನು ಕಡ್ಡಾಯ ಮಾಡಿರುವುದು ಇದೇ ಉದ್ದೇಶದಿಂದ. ಅದು ನಮ್ಮ ವಾಹನದ ರಕ್ಷಣೆಗಾಗಿ ಇರುವುದಲ್ಲ, ನಮ್ಮಿಂದ ಹಾನಿಗೊಳಗಾಗುವವರ ರಕ್ಷಣೆಗಾಗಿ. ಅದನ್ನು ನವೀಕರಿಸದೆ ರಸ್ತೆಗಿಳಿಯುವವನು ಇನ್ನೊಬ್ಬರ ಹಕ್ಕಿನೊಂದಿಗೆ ಆಟವಾಡುತ್ತಾನೆ.

ಐದು ಸಾವಿರವೋ, ಐದು ಲಕ್ಷವೋ?

ಈಗ ಆ ಮೀನು ಮಾರುವ ಹೆಂಗಸಿನ ಕಡೆಗೆ ಬರೋಣ. ಆಕೆಗೆ ನಲವತ್ತೆರಡು ವರ್ಷ, ತಿಂಗಳ ಸಂಪಾದನೆ ಹತ್ತು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಆಕೆ ತಾನು ವಾಸಿಸುವ ಊರಿನ ಅಥವಾ ಅಪಘಾತ ನಡೆದ ಊರಿನ ವ್ಯಾಪ್ತಿಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. 2019ರ ತಿದ್ದುಪಡಿ ಇದಕ್ಕೆ ಆರು ತಿಂಗಳ ಗಡುವು ಹಾಕಿರುವುದರಿಂದ ತಡಮಾಡಬಾರದು. ಚಿಕಿತ್ಸೆಯ ಖರ್ಚು, ಹಾಸಿಗೆ ಹಿಡಿದ ದಿನಗಳ ಸಂಪಾದನೆ, ಅನುಭವಿಸಿದ ನೋವು, ಮುಂದಿನ ಚಿಕಿತ್ಸೆ ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು ದುಡಿಯುವ ಶಕ್ತಿಯ ನಷ್ಟ. ಅಂಗಕ್ಕೆ ಎಷ್ಟು ಊನವಾಯಿತೆಂಬುದಷ್ಟೇ ಅಲ್ಲ, ಆ ಊನದಿಂದ ಅವರವರ ಉದ್ಯೋಗಕ್ಕೆ ಎಷ್ಟು ಪೆಟ್ಟು ಬಿತ್ತೆಂದು ನೋಡಬೇಕು ಎಂದು ಸುಪ್ರೀಂ ಕೋರ್ಟು 2010ರಲ್ಲಿ ಸ್ಪಷ್ಟಪಡಿಸಿತು. ಕುಂಟುವ ಕಾಲು ಕುರ್ಚಿಯಲ್ಲಿ ಕುಳಿತು ಬರೆಯುವ ಗುಮಾಸ್ತನಿಗೆ ಒಂದು ಬಗೆ, ಬುಟ್ಟಿ ಹೊತ್ತು ಬೀದಿ ಸುತ್ತುವವಳಿಗೆ ಇನ್ನೊಂದು ಬಗೆ. 2009ರ ತೀರ್ಪೊಂದರಲ್ಲಿ ಅದೇ ನ್ಯಾಯಾಲಯ ವಯಸ್ಸಿಗೆ ತಕ್ಕಂತೆ ಗುಣಿಸಬೇಕಾದ ಸಂಖ್ಯೆಗಳನ್ನು ನಿಗದಿಪಡಿಸಿದೆ. 41ರಿಂದ 45ರ ವಯಸ್ಸಿನವರಿಗೆ ಅದು 14. ವರ್ಷಕ್ಕೆ 1,20,000 ರೂಪಾಯಿಯನ್ನು 14ರಿಂದ ಗುಣಿಸಿದರೆ 16,80,000. ದುಡಿಯುವ ಶಕ್ತಿ ಶೇಕಡಾ 30ರಷ್ಟು ಕುಂದಿದ್ದರೆ ಈ ಒಂದು ಬಾಬಿನಲ್ಲೇ 5,04,000 ರೂಪಾಯಿ. ಮುಂದೆ ಹೆಚ್ಚಬಹುದಾಗಿದ್ದ ಸಂಪಾದನೆಯನ್ನು ಸೇರಿಸಿದರೆ ಇನ್ನೂ ಹೆಚ್ಚು.

ಸಹೋದರರೇ, ಐದು ಲಕ್ಷದ ಸಾಲಕ್ಕೆ ಐದು ಸಾವಿರ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ರಾಜಿಯೇ? ತನ್ನ ಹಕ್ಕು ಎಷ್ಟೆಂದು ತಿಳಿಯದವಳು ಕೊಟ್ಟ ಕ್ಷಮೆ ನಾಳೆ ನಮ್ಮ ರಕ್ಷಣೆಗೆ ಬರುತ್ತದೆಯೇ? ನಮಾಝ್, ಉಪವಾಸ, ಝಕಾತ್‌ಗಳ ರಾಶಿಯೊಂದಿಗೆ ಬಂದರೂ, ಜನರಿಗೆ ಮಾಡಿದ ಅನ್ಯಾಯದ ಲೆಕ್ಕಕ್ಕೆ ಅವೆಲ್ಲವನ್ನೂ ತೆತ್ತು ಕೊನೆಗೆ ದಿವಾಳಿಯಾಗುವ ಮನುಷ್ಯನ ಬಗ್ಗೆ ಪ್ರವಾದಿ(ಸ) ಎಚ್ಚರಿಸಿದ್ದಾರೆ. ನ್ಯಾಯಮಂಡಳಿಯಲ್ಲಿ ಕೊಡದೆ ಉಳಿಸಿದ್ದನ್ನು ಅಲ್ಲಿ ಕೊಡಬೇಕಾದೀತು. ಅಲ್ಲಿ ನೋಟು ಚಲಾವಣೆಯಲ್ಲಿಲ್ಲ.

ಚಾಲಕನ ಹೆಸರು ಬದಲಿಸುವ ಉಪಾಯವಂತೂ ಸುಳ್ಳು ಸಾಕ್ಷ್ಯವಾಗಿದೆ. ಪ್ರವಾದಿ(ಸ) ಅದನ್ನು ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ಅದರಿಂದ ಹುಡುಗ ಉಳಿದಂತೆ ಕಾಣಬಹುದು. ಆದರೆ ತಪ್ಪು ಮಾಡಿದರೆ ಸುಳ್ಳು ಹೇಳಿ ಪಾರಾಗಬಹುದು ಎಂಬ ಪಾಠವನ್ನು ಅವನು ತನ್ನ ಹಿರಿಯರಿಂದಲೇ ಕಲಿಯುತ್ತಾನೆ. ಅಪ್ರಾಪ್ತರ ಕೈಗೆ ವಾಹನ ಕೊಟ್ಟರೆ ಪೋಷಕರಿಗೆ ಅಥವಾ ಮಾಲಿಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ. ಇಂತಹ ಪ್ರಕರಣಗಳಲ್ಲಿ ವಿಮಾ ಕಂಪೆನಿ ಮೊದಲು ಗಾಯಾಳುವಿಗೆ ಪಾವತಿಸಿ, ಬಳಿಕ ಮಾಲಿಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಅನೇಕ ವೇಳೆ ಆದೇಶಿಸುತ್ತವೆ. ಮಗನ ಕೈಗೆ ಬೀಗದಕೈ ಕೊಡುವ ಮೊದಲು ತಂದೆ ಇದನ್ನು ನೆನಪಿಡಲಿ.

ಗಾಯಗೊಂಡವರಿಗೂ ಒಂದು ಮಾತು

ನಾವೇ ಗಾಯಾಳುಗಳಾದಾಗ ಹಕ್ಕನ್ನು ಕೇಳುವುದು ವಿಧಿಯ ಮೇಲಿನ ವಿಶ್ವಾಸಕ್ಕೆ ವಿರುದ್ಧವಲ್ಲ. ತಾಳ್ಮೆ ಎಂದರೆ ಹಕ್ಕನ್ನು ಕೈಬಿಡುವುದೆಂದು ಅರ್ಥವಲ್ಲ. ಹೆಂಗಸರಿಗೂ ಮಕ್ಕಳಿಗೂ ಅವರ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ವಕೀಲರ ನೆರವು ಸಿಗುತ್ತದೆ. ಗುದ್ದಿದ ವಾಹನ ಪತ್ತೆಯಾಗದಿದ್ದರೂ 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಯೋಜನೆಯಂತೆ ಮರಣಕ್ಕೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಪರಿಹಾರವಿದೆ. ಆದರೆ ಇಲ್ಲದ ಗಾಯಕ್ಕೆ ಸರ್ಟಿಫಿಕೇಟು ಮಾಡಿಸುವುದು, ಬಾರದ ಸಂಬಳವನ್ನು ಬರೆಸುವುದು, ಮರದಿಂದ ಬಿದ್ದವನನ್ನು ವಾಹನದಿಂದ ಬಿದ್ದವನೆನ್ನುವುದು ಹರಾಮ್ ಸಂಪಾದನೆಯಾಗಿದೆ. ವಿಮಾ ಕಂಪೆನಿಯ ಹಣ ಯಾರದ್ದೂ ಅಲ್ಲದ ಹಣವಲ್ಲ.

ಹೊಣೆ ರಸ್ತೆಗೆ ಮಾತ್ರ ಸೀಮಿತವೂ ಅಲ್ಲ. ಹಿತ್ತಿಲಿನ ತೆರೆದ ಬಾವಿ, ಕಾಡುಹಂದಿಗೆಂದು ಬೇಲಿಗೆ ಹಾಯಿಸಿದ ವಿದ್ಯುತ್, ದಾರಿಯಲ್ಲಿ ದೀಪವಿಲ್ಲದೆ ಸುರಿದ ಜಲ್ಲಿಯ ರಾಶಿ ಇವುಗಳಿಗೂ ನಾವು ಉತ್ತರ ಹೇಳಬೇಕಾಗುತ್ತದೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ವಿಶ್ವಾಸದ ಒಂದು ಶಾಖೆಯೆಂದು ಕಲಿತವರು ದಾರಿಗೆ ತೊಂದರೆಯನ್ನು ತಂದಿಡಬಹುದೇ?

ಇನ್ನೊಮ್ಮೆ ಆ ಮನೆಗೆ ಹೋಗೋಣ. ಹಿರಿಯರು ಮಾಡಬೇಕಾದುದೇನು? ಹುಡುಗನನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿ ಆ ತಾಯಿಯ ಮುಂದೆ ನಿಲ್ಲಬೇಕು. ಪೊಲೀಸರಿಗೆ ನಡೆದುದನ್ನು ನಡೆದಂತೆಯೇ ಹೇಳಬೇಕು. ಅಂದಿನ ಔಷಧಿಯ ಮತ್ತು ಆ ಮನೆಯ ಅಕ್ಕಿಯ ಖರ್ಚನ್ನು ತೀರ್ಪಿಗೆ ಕಾಯದೆ ವಹಿಸಬೇಕು. ಆಕೆಯ ಹಕ್ಕೇನೆಂದು ಆಕೆಗೆ ತಿಳಿಸಬೇಕು. ಅನಂತರ ಕ್ಷಮೆ ಕೇಳಬೇಕು. ಅಪಘಾತ ಅಲ್ಲಾಹನ ವಿಧಿಯಿಂದಲೇ ಆಯಿತು, ನಿಜ. ಆದರೆ ಆ ಬಳಿಕ ನಾವೇನು ಮಾಡಿದೆವು ಎಂಬುದೇ ನಮ್ಮ ಪರೀಕ್ಷೆ.

ಯಾರ ಋಣವನ್ನೂ ಹೊತ್ತುಕೊಳ್ಳದೆ ತನ್ನ ಸನ್ನಿಧಿಗೆ ಮರಳುವ ಸೌಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ ಕರುಣಿಸಲಿ. ಆಮೀನ್.