ಚದುರಿದ್ದು ಬೇರೆ, ಅಳಿದದ್ದು ಬೇರೆ

ನಮ್ಮಪ್ಪ ಪಾಠಶಾಲೆಯಲ್ಲಿ ನ್ಯಾಯಶಾಸ್ತ್ರ ಹೇಳುತ್ತಿದ್ದವರು. ಬೌದ್ಧರನ್ನು ಖಂಡಿಸುವ ಉದಯನಾಚಾರ್ಯರ ‘ಆತ್ಮತತ್ತ್ವವಿವೇಕ’ ಅವರ ನಾಲಗೆಯ ಮೇಲೇ ಇರುತ್ತಿತ್ತು. ಆದರೂ ಬೌದ್ಧರ ಪೂರ್ವಪಕ್ಷ ಮಂಡಿಸುವಾಗ ಅವರ ದನಿಗೆ ಬೇರೆಯದೇ ಕಳೆ: ಇರುವುದೆಲ್ಲ ಕ್ಷಣಿಕ, ಹಿಂದಿನದು ಅಳಿದೇ ಮುಂದಿನದು ಹುಟ್ಟುವುದು. ಆಮೇಲೆ ತಮ್ಮ ಪಕ್ಷಕ್ಕೆ ಬಂದು ಕೇಳುವರು, ಮಾಡಿದವನು ಆಗಲೇ ಅಳಿದಿದ್ದರೆ ಫಲ ಉಣ್ಣುವವನಾರು?

ನಾನು ಸೇರಿದ್ದು ಲೇಸರ್ ಪ್ರಯೋಗಾಲಯ. ನೀರಿನ ಅಣುವಿನಲ್ಲಿ ಆಮ್ಲಜನಕ–ಜಲಜನಕದ ಬಂಧ ಸುಮಾರು 10 ಫೆಮ್ಟೊಸೆಕೆಂಡಿಗೊಮ್ಮೆ ಹಿಗ್ಗಿ ಕುಗ್ಗುತ್ತದೆ. ಸೆಕೆಂಡನ್ನು ಹತ್ತು ಕೋಟಿ ಕೋಟಿ ಪಾಲು ಮಾಡಿದರೆ ಒಂದು ಪಾಲು ಫೆಮ್ಟೊಸೆಕೆಂಡ್. ನೆರೆಯ ಅಣುವಿನ ಹಿಡಿತ ಬಿಗಿಯಿದ್ದರೆ ಕಂಪನ ನಿಧಾನ, ಸಡಿಲವಿದ್ದರೆ ಚುರುಕು. ಮಾಮೂಲಿ ಅತಿಗೆಂಪು ರೋಹಿತದಲ್ಲಿ ಇದೆಲ್ಲ ಕಲಸಿ ಅಗಲವಾದ ಒಂದೇ ದಿಬ್ಬವಾಗಿ ಕಾಣುತ್ತದೆ. ಅಣುಗಳು ತಂತಮ್ಮ ಲಯ ಹಿಡಿದುಕೊಂಡಿವೆಯೋ, ಪ್ರತಿಯೊಂದೂ ಲಯದಿಂದ ಲಯಕ್ಕೆ ಜಾರುತ್ತಿದೆಯೋ, ದಿಬ್ಬ ನೋಡಿ ಹೇಳಲಾಗದು.

ಅದಕ್ಕೇ ಫೋಟಾನ್ ಪ್ರತಿಧ್ವನಿ. ಮೊದಲ ಲೇಸರ್ ಪಲ್ಸ್ ಅಣುಗಳನ್ನು ಒಂದೇ ತಾಳಕ್ಕೆ ತರುತ್ತದೆ. ತಾಳ ಬೇಗನೆ ಚದುರುತ್ತದೆ. ನಂತರದ ಪಲ್ಸ್‌ಗಳು ಆ ಚದುರುವಿಕೆಯನ್ನು ಹಿಂದಕ್ಕೆ ತಿರುಗಿಸುತ್ತವೆ. ಊರಬಾಗಿಲಿನಿಂದ ಒಟ್ಟಿಗೆ ಹೊರಟ ಪಾದಯಾತ್ರಿಗಳು ದಾರಿಯುದ್ದ ಚದುರಿರುವಾಗ ಎಲ್ಲರೂ ಒಮ್ಮೆಗೇ ಹಿಂದಿರುಗಿ, ಅವರವರ ನಡಿಗೆಯಲ್ಲೇ ಬಂದರೆ, ಬಾಗಿಲು ಮುಟ್ಟುವುದು ಮತ್ತೆ ಒಟ್ಟಿಗೇ. ನಡುವೆ ನಡಿಗೆ ಬದಲಿಸಿದವನು ತಪ್ಪಿಹೋಗುತ್ತಾನೆ. ತಾಳ ಕೂಡಿದ ಗಳಿಗೆಯಲ್ಲಿ ದ್ರವವೇ ಒಂದಿಷ್ಟು ಬೆಳಕು ಸೂಸುತ್ತದೆ. ಕಳೆದುಹೋಯಿತೆಂದುಕೊಂಡದ್ದರಲ್ಲಿ ಎಷ್ಟು ಬರೀ ಚದುರಿತ್ತು, ಎಷ್ಟು ನಿಜಕ್ಕೂ ಅಳಿದಿತ್ತು ಎಂಬುದು ಆ ಬೆಳಕಿನಿಂದ ತಿಳಿಯುತ್ತದೆ. ಈ ಭೇದವನ್ನು ಅಪ್ಪನ ಪಾಠದಲ್ಲಿ ನಾನು ಕೇಳಿರಲಿಲ್ಲ.

2005ರಲ್ಲಿ ಟೊರಾಂಟೊ ಮತ್ತು ಬರ್ಲಿನ್‌ನ ವಿಜ್ಞಾನಿಗಳು ಶುದ್ಧ ನೀರನ್ನು ಸುಮಾರು ಅರ್ಧ ಮೈಕ್ರಾನ್ ಪದರವಾಗಿಸಿ ಅಳೆದರು. ಅದಕ್ಕಿಂತ ತೀರಾ ದಪ್ಪವಾದರೆ ನೀರು ಬೆಳಕನ್ನೆಲ್ಲ ಕುಡಿದುಬಿಡುತ್ತದೆ. 50 ಫೆಮ್ಟೊಸೆಕೆಂಡಿನೊಳಗೇ ಅಣುಗಳ ಹಳೆಯ ಲಯದ ನೆನಪು ಬಹುಪಾಲು ಮಾಯ. ಬುದ್ಧನೇ ಗೆದ್ದ, ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಕುಣಿಯುವವರನ್ನು ಕಂಡರೆ ನನಗಾಗದು. ಪ್ರತಿಧ್ವನಿ ಹುಟ್ಟಬೇಕಾದರೆ ಅಷ್ಟು ಹೊತ್ತಾದರೂ ಏನೋ ಒಂದು ಬದಲಾಗದೆ ನಿಂತಿರಬೇಕು. ಬೌದ್ಧರು ಹೇಳಿದ ಕ್ಷಣದೊಳಗೆ ಹಾಗೆ ನಿಲ್ಲುವುದಕ್ಕೆ ಜಾಗವಿಲ್ಲ. ಮೇಲಾಗಿ ನಾವು ಅಳೆಯುವುದು ಲೆಕ್ಕವಿಲ್ಲದಷ್ಟು ಅಣುಗಳ ಗುಂಪನ್ನು. ಒಂಟಿ ಅಣು ಉಳಿಯಿತೋ ಅಳಿಯಿತೋ ಎಂಬ ವಾದಕ್ಕೆ ಗುಂಪಿನ ಸಾಕ್ಷಿ ಸಾಲದು.

ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, “ಮೊದಲ ಪೆಟ್ಟನ್ನೂ ಆಮೇಲಿನ ಬೆಳಕನ್ನೂ ಕೂಡಿಸಿ, ಇದು ಅದರದ್ದೇ ಅಂದವರು ಯಾರೋ?” ಎಂದರು.

“ಕಂಪ್ಯೂಟರ್, ಅಪ್ಪ.”

“ಸರಿ, ಅದು ಕೂಡಿಸಿತು. ತಿಳಕೊಂಡದ್ದು?”